ಉಸಿರಿನ ಹಾಜರಿ

ಮೆಲ್ರಾಯ್ ಅವರನ್ನು ಮೊದಲ ಸಲ ನೋಡಿದಾಗ ನನಗೆ ಸಿಟ್ಟು ಬಂದಿತ್ತು. ನನಗೆ ಸಿಟ್ಟು ಬರುವುದು ದೊಡ್ಡ ಸುದ್ದಿಯೇನಲ್ಲ. ವಸಂತಲಕ್ಷ್ಮಿ ಬಾಯಿ ತೆಗೆದರೆ ಓಣಿಗೆಲ್ಲ ಕೇಳಿಸುತ್ತದೆ ಎಂದು ಗದಗಿನಲ್ಲಿ ನಮ್ಮ ಮನೆಯವರೇ ಆಡಿಕೊಳ್ಳುತ್ತಿದ್ದರು. ಅಮೆರಿಕದ ಮಿಲ್ ಕ್ರೀಕ್‌ಗೆ ಬಂದು ಇಷ್ಟು ವರ್ಷವಾದರೂ ಆ ಹೆಸರನ್ನು ಕಾಪಾಡಿಕೊಂಡಿದ್ದೇನೆ. ಆದರೆ ಆ ಸಂಜೆಯ ಸಿಟ್ಟಿಗೆ ಕಾರಣವಿತ್ತು. ಫುಟ್‌ಬಾಲ್ ಪ್ರಾಕ್ಟೀಸಿನಿಂದ ಮಗನನ್ನು ಕರೆತರಲು ಹೋದರೆ ಮೈದಾನದಲ್ಲಿ ನನ್ನ ಮಗ ಯಾರೆಂದೇ ಗೊತ್ತಾಗಲಿಲ್ಲ.

ಅದು 2017ರ ಅಕ್ಟೋಬರ್. ನೆಲಕ್ಕೆ ಮಂಜು ಇಳಿದಿತ್ತು. ಮೈದಾನದ ಮೂರು ಕಡೆ ಎತ್ತರದ ಫರ್ ಮರಗಳು, ಒಂದು ಕಡೆ ಪಾರ್ಕಿಂಗ್ ಲಾಟ್. ದೀಪದ ಕಂಬಗಳ ಕೆಳಗೆ ಕಪ್ಪು ಮಾಸ್ಕ್ ಹಾಕಿಕೊಂಡ ಮಕ್ಕಳ ಗುಂಪೊಂದು ಅತ್ತಿಂದಿತ್ತ ಓಡುತ್ತಿತ್ತು. ಎಲ್ಲ ಒಂದೇ ಎತ್ತರ, ಒಂದೇ ಜೆರ್ಸಿ, ಕಣ್ಣಿನ ಕೆಳಗೆ ಮುಖವೇ ಇಲ್ಲ. ಯಾರೂ ಮಾತಾಡುತ್ತಿರಲಿಲ್ಲ, ನಗುತ್ತಿರಲಿಲ್ಲ. ಕೇಳುತ್ತಿದ್ದುದು ಒಂದೇ ಸದ್ದು, ಸೀಟಿ ಹೊಡೆಯುವುದಕ್ಕೆ ಮೊದಲು ಕುಕ್ಕರ್ ಬುಸುಗುಟ್ಟುತ್ತದಲ್ಲ, ಅಂಥದ್ದು. ಅಷ್ಟೂ ಮಕ್ಕಳು ಆ ಮಾಸ್ಕಿನೊಳಗಿಂದ ಉಸಿರೆಳೆಯುವ ಸದ್ದು.

ನಡುವೆ ಕಣ್ಣು ಮುಚ್ಚಿಕೊಂಡು ನಿಂತಿದ್ದವರೇ ಹೊಸ ಕೋಚ್ ಮೆಲ್ರಾಯ್, ಮಂಗಳೂರಿನ ಕಡೆಯವರೆಂದು ಮೊದಲೇ ಕೇಳಿದ್ದೆ. ತೆಳ್ಳಗಿನ ಮನುಷ್ಯ, ನಲವತ್ತು ದಾಟಿದ ವಯಸ್ಸು, ತಲೆಗೆ ಉಣ್ಣೆ ಟೋಪಿ.

"ಇದೇನ್ ಸಾರ್ ಇದು? ಮಕ್ಕಳಿಗೆ ಉಸಿರು ಕಟ್ಟಿಸ್ತಿದೀರಲ್ಲ!" ಎಂದೆ.

ಅವರು ಕಣ್ಣು ತೆರೆಯಲೇ ಇಲ್ಲ. "ಒಂದು ನಿಮಿಷ ಮಾರಾಯ್ರೆ. ಹಾಜರಿ ಮುಗೀಲಿಕ್ಕುಂಟು" ಎಂದರು.

ಎಲಾ ಇವನ, ಎಂದುಕೊಂಡು ನಿಂತೆ. ಮಕ್ಕಳು ಏದುಸಿರು ಬಿಡುತ್ತ ಅವರ ಸುತ್ತ ವೃತ್ತವಾಗಿ ನಿಂತವು. ಅವರು ಮುಚ್ಚಿದ ಕಣ್ಣಲ್ಲೇ ನಿಧಾನವಾಗಿ ತಿರುಗುತ್ತ, ಕಿವಿ ಚಾಚಿ, ಒಬ್ಬೊಬ್ಬರ ಕಡೆ ಬೆರಳು ತೋರಿಸಿ ಹೆಸರು ಹೇಳತೊಡಗಿದರು. ಈಥನ್. ಮಾಯಾ. ಪ್ರಭು. ನಿಕಿತಾ. ಬೇಕಂತಲೇ ಇಬ್ಬರು ಹುಡುಗರು ತುದಿಗಾಲಲ್ಲಿ ಜಾಗ ಬದಲಿಸಿಕೊಂಡರು. ಅವರು ನಕ್ಕು, ಬದಲಾದ ಜಾಗದಲ್ಲೇ ಸರಿಯಾದ ಹೆಸರು ಹೇಳಿದರು. ಒಂದು ಹೆಸರೂ ತಪ್ಪಲಿಲ್ಲ. ಎಲ್ಲರದ್ದೂ ಮುಗಿದ ಮೇಲೆ ಮರಗಳ ಕಡೆಗೆ ತಿರುಗಿ ಇನ್ನೊಂದು ಹೆಸರು ಕರೆದರು.

"ಜೋಯ್ಸ್."

ಆ ಕಡೆ ಯಾವ ಮಗುವೂ ಇರಲಿಲ್ಲ. ಅವರು ಕಾದರು. ಮಕ್ಕಳೂ ಉಸಿರು ಬಿಗಿಹಿಡಿದು ಕಾದವು. ಕೊನೆಗೆ ಅವರು ಕಣ್ಣು ತೆರೆದು, ಯಾರಿಗೂ ಅಲ್ಲವೆಂಬಂತೆ, "ಒಬ್ಬಳು ಬರ್ಲಿಕ್ಕುಂಟು" ಎಂದು ಹೇಳಿ, ಚಪ್ಪಾಳೆ ತಟ್ಟಿ ಪ್ರಾಕ್ಟೀಸ್ ಮುಗಿಸಿದರು.

ಕಾರಿನಲ್ಲಿ ಮಗನನ್ನು ಕೇಳಿದೆ. ಅಜ್ಜನ ಹೆಸರೆಂದು ಆಸೆಪಟ್ಟು ಪ್ರಭುದೇವ ಎಂದು ಇಟ್ಟಿದ್ದೆವು. ಇಲ್ಲಿಯ ನಾಲಿಗೆಗಳಲ್ಲಿ ಅದು ಸವೆದು ಪ್ರಭು ಆಗಿದೆ, ಅಷ್ಟಾದರೂ ಉಳಿಯಿತಲ್ಲ ಎಂದು ಸುಮ್ಮನಿದ್ದೇನೆ. "ಜೋಯ್ಸ್ ಅಂದ್ರೆ ಯಾರೋ?"

"ನೋಬಡಿ, ಅಮ್ಮಾ. ಹೀ ಜಸ್ಟ್ ವೇಟ್ಸ್."

ಹಿಂದಿನ ಸೀಟಿನಲ್ಲಿದ್ದ ನಿಕಿತಾ ಮೆಲ್ಲಗೆ, "ಮೇಬಿ ಶಿ ಈಸ್ ಸ್ಲೀಪಿಂಗ್" ಎಂದಳು.

ನಿಕಿತಾ ನಮ್ಮ ಪಕ್ಕದ ಮನೆಯ ರಾಜೇಶ್ವರಿಯ ಮಗಳು. ಹನ್ನೊಂದು ವರ್ಷದ ಹುಡುಗಿ. ಬಾಗಲಕೋಟೆಯ ಕಡೆಯ ಜನ, ಗಂಡ ವಿಜಯಕುಮಾರ ಸಾಫ್ಟ್‌ವೇರಿನಲ್ಲಿ. ಪ್ರಾಕ್ಟೀಸಿಗೆ ಇಬ್ಬರು ಮಕ್ಕಳನ್ನೂ ನಾನೇ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ. ಆ ಹುಡುಗಿ ಕಾರು ಹತ್ತಿದರೆ ಕಾರೆಲ್ಲ ಕರ್ಪೂರ ಹಾಕಿ ಕಾಸಿದ ಕೊಬ್ಬರಿ ಎಣ್ಣೆಯ ವಾಸನೆ. ನೆಗಡಿಯಾದರೆ ನಾವೂ ಮಕ್ಕಳ ಎದೆಗೆ ಅದನ್ನೇ ತಿಕ್ಕುತ್ತೇವೆ, ಅದರಲ್ಲೇನೂ ವಿಶೇಷವಿಲ್ಲ. ಆದರೆ ಇವಳಿಗೆ ಬಿಸಿಲಿದ್ದರೂ ಅದೇ ವಾಸನೆ.

ಮೆಲ್ರಾಯ್ ಮಂಗಳೂರಿನ ಹತ್ತಿರ ಬಜಪೆಯ ಕಡೆಯವರು. ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಗಾಳಿಯ ಕವಾಟಗಳನ್ನು ಪರೀಕ್ಷಿಸುವ ಇಂಜಿನಿಯರ್. ಮೇಲೆ ಹಾರುವಾಗ ಒಳಗಿನ ಗಾಳಿ ಹೊರಗೆ ಸೋರಬಾರದಲ್ಲ, ಆ ಕೆಲಸ. ಹುಡುಗಿಯರೂ ಹುಡುಗರೂ ಒಟ್ಟಿಗೆ ಆಡುವ ನಮ್ಮ ಪುಟ್ಟ ಕ್ಲಬ್ಬಿಗೆ ಸಂಬಳವಿಲ್ಲದೆ ಕೋಚ್ ಆಗಲು ತಾವಾಗಿಯೇ ಬಂದಿದ್ದರು. ಬಂದವರೇ ಆ ಮಾಸ್ಕುಗಳನ್ನು ತಂದರು. ದೊಡ್ಡ ಆಟಗಾರರು ಹಾಕಿಕೊಂಡು ಓಡುವ ವಿಡಿಯೋಗಳನ್ನು ಮಕ್ಕಳೆಲ್ಲ ನೋಡಿದ್ದವು, ಕುಣಿದಾಡಿದವು. ಸ್ಟ್ಯಾಮಿನಾ ಬರುತ್ತದೆ ಎಂದು ಮೆಲ್ರಾಯ್ ಹೇಳಿದರು. ಸ್ಟ್ಯಾಮಿನಾ ಎಂದರೆ ಸಾಕು, ನಮ್ಮವರು ಮಕ್ಕಳಿಗೆ ಕಲ್ಲು ತಿನ್ನಿಸಲೂ ತಯಾರು.

ಮಾಸ್ಕಿನ ಮುಂದೆ ಒಂದು ಬಿಲ್ಲೆ ಇತ್ತು. ಅದನ್ನು ತಿರುಗಿಸಿದಂತೆ ಗಾಳಿಯ ತೂತು ಚಿಕ್ಕದಾಗುತ್ತ ಹೋಗುತ್ತದೆ. ಆ ಬಿಲ್ಲೆಯನ್ನು ಮುಟ್ಟುವ ಹಾಗೇ ಇಲ್ಲ ಎಂಬುದು ಅವರ ಕಟ್ಟಪ್ಪಣೆ. ಎಲ್ಲರ ತೂತೂ ಯಾವಾಗಲೂ ಪೂರ್ತಿ ತೆರೆದೇ ಇರುತ್ತಿತ್ತು. ಹಾಗಿದ್ದ ಮೇಲೆ ಮಾಸ್ಕ್ ಏಕೆ ಎಂದು ಕೇಳಿದರೆ ಮಾತು ಬದಲಿಸುತ್ತಿದ್ದರು. ಪ್ರಾಕ್ಟೀಸ್ ಮುಗಿದ ಮೇಲೆ ಒಂದನ್ನೂ ಮನೆಗೆ ಒಯ್ಯಲು ಬಿಡದೆ, ಎಲ್ಲವನ್ನೂ ತಾವೇ ತೊಳೆದು ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು.

ನವೆಂಬರಿನ ಒಂದು ಸಂಜೆ ಪ್ರಭು ನೀರಿನ ಬಾಟಲಿ ಮರೆತು ಬಂದ. ಬೈಯುತ್ತ ತಿರುಗಿ ಹೋದೆ. ಮೈದಾನ ಖಾಲಿಯಾಗಿತ್ತು. ತಂತಿ ಬೇಲಿಯ ಉದ್ದಕ್ಕೂ ಒದ್ದೆ ಮಾಸ್ಕುಗಳು ಸಾಲಾಗಿ ನೇತಾಡುತ್ತಿದ್ದವು. ಗಾಳಿ ಬೀಸಿದಾಗ ಅವು ಉಸಿರಾಡಿದವು. ಸುಳ್ಳಲ್ಲ, ನನ್ನ ಕಿವಿಯಾರೆ ಕೇಳಿದ್ದೇನೆ. ಗಾಳಿ ನುಗ್ಗಿದಾಗ ಒಂದರ ನಂತರ ಒಂದು ಸುಯ್ ಎನ್ನುವುದು, ಗಾಳಿ ನಿಂತಾಗ ಎಲ್ಲವೂ ಒಟ್ಟಿಗೆ ಸುಮ್ಮನಾಗುವುದು. ಮುಖಗಳಿಲ್ಲದ ಮಕ್ಕಳು ಬೇಲಿಗೆ ಒರಗಿ ನಿಂತ ಹಾಗಿತ್ತು. ಮೆಲ್ರಾಯ್ ತುದಿಯಲ್ಲಿದ್ದ ಎಲ್ಲಕ್ಕಿಂತ ಚಿಕ್ಕ ಮಾಸ್ಕಿನ ಹತ್ತಿರ ಮಂಡಿಯೂರಿ, ಅದಕ್ಕೆ ಕಿವಿಯಿಟ್ಟು ಕೂತಿದ್ದರು.

ನನ್ನನ್ನು ಕಂಡು ಎದ್ದರು. ನಾಚಿಕೆಯಿಂದ ಮಂಡಿ ಒರೆಸಿಕೊಂಡರು. ಚಿಕ್ಕ ಮಾಸ್ಕಿನ ಪಟ್ಟಿಯ ಮೇಲೆ ಮಾರ್ಕರಿನಲ್ಲಿ ಜೋಯ್ಸ್ ಎಂದು ಬರೆದಿತ್ತು. ಅಷ್ಟು ಪುಟ್ಟ ಮುಖದ ಮಗು ನಮ್ಮ ಟೀಮಿನಲ್ಲಿ ಇರಲೇ ಇಲ್ಲ. ಬಾಯಿ ಜೋರಿನ ನಾನು ಅವತ್ತು ಒಂದು ಮಾತೂ ಆಡದೆ ಬಾಟಲಿ ಎತ್ತಿಕೊಂಡು ಕಾರಿನ ಕಡೆ ಹೆಚ್ಚುಕಡಿಮೆ ಓಡಿದೆ.

ಆಮೇಲೆ ನನ್ನ ಹೆದರಿಕೆಗೆ ನನಗೇ ನಗು ಬಂತು. ಕ್ರಿಸ್‌ಮಸ್‌ಗೆ ಅವರ ಹೆಂಡತಿ ಫ್ಲೋರಿನ್, ಕುಸ್ವಾರ್ ಎಂದು ಅವರು ಕರೆಯುವ ಹಬ್ಬದ ತಿಂಡಿಗಳ ಡಬ್ಬಿ ಹಿಡಿದು ಮನೆಗೆ ಬಂದಳು. ಬೆಲ್ವ್ಯೂ ಡೌನ್‌ಟೌನ್‌ನಲ್ಲಿ ಕೆಲಸ ಮಾಡುವ, ಚಟಪಟ ಮಾತಿನ ಹೆಣ್ಣು. ಕಣ್ಣಿನ ಕೆಳಗೆ ಕಪ್ಪು ಬಿದ್ದಿದ್ದನ್ನು ನೋಡಿ, "ಏನಮ್ಮಾ, ನಿದ್ದೆ ಮಾಡಲ್ವಾ?" ಎಂದೆ.

"ಎಲ್ಲಿಯ ನಿದ್ದೆ? ನಾನು ಸದ್ದಿಲ್ಲದೆ ಮಲಗಿದ್ರೆ ಇವರು ಎಬ್ಬಿಸ್ತಾರೆ. ಹೆಗಲು ಹಿಡಿದು ಅಲ್ಲಾಡಿಸ್ತಾರೆ. ಗೊರಕೆ ಹೊಡಿ ಮಾರಾಯ್ತಿ, ನಂಗೆ ಸಮಾಧಾನ ಆಗ್ತದೆ ಅಂತಾರೆ. ಯಾವ ಗಂಡ ಹೀಗೆ ಹೇಳ್ತಾನೆ?" ಎಂದು ನಕ್ಕಳು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಜೋಯ್ಸ್ ಯಾರೆಂದು ಕೇಳಿದಾಗ ಮಾತ್ರ ಅವಳ ನಗು ನಿಂತಿತು. "ಅದನ್ನು ಅವರೇ ಹೇಳ್ಬೇಕು" ಎಂದು ಡಬ್ಬಿಯ ಮುಚ್ಚಳ ತೆಗೆದಳು.

ಏಪ್ರಿಲ್‌ನಲ್ಲಿ, ಮರಗಳೆಲ್ಲ ಹೂಬಿಟ್ಟು ಕಾರಿನ ಗಾಜಿನ ಮೇಲೆ ಹಳದಿ ಪುಡಿ ಕೂರುವ ಕಾಲದಲ್ಲಿ, ಮೆಲ್ರಾಯ್ ಹಾಜರಿಯನ್ನು ಅರ್ಧಕ್ಕೇ ನಿಲ್ಲಿಸಿದರು. ನಿಕಿತಾಳ ಮುಂದೆ ಬಹಳ ಹೊತ್ತು ಕಣ್ಣುಮುಚ್ಚಿ ನಿಂತರು. ಆಮೇಲೆ ಅವಳ ಮಾಸ್ಕ್ ಕಳಚಿ ಕೈಗೆ ತೆಗೆದುಕೊಂಡು ಸೀದಾ ಪಾರ್ಕಿಂಗ್ ಲಾಟಿಗೆ ಬಂದರು. ಅವತ್ತು ರಾಜೇಶ್ವರಿಯೂ ನನ್ನ ಜೊತೆ ಬಂದಿದ್ದಳು.

"ನಿಮ್ಮ ಮಗಳಿಗೆ ದಮ್ಮು ಉಂಟಾ?" ಎಂದು ಕೇಳಿದರು.

ರಾಜೇಶ್ವರಿಯ ಮುಖ ಕೆಂಪಾಯಿತು. "ಯಾರ್ರೀ ಹೇಳಿದ್ದು ನಿಮಗ? ಥಂಡಿ ಹತ್ತೇತಿ, ಅಷ್ಟ."

"ಥಂಡಿಯ ಸದ್ದು ಬೇರೆ, ಇದು ಬೇರೆ. ಒಳಗೆ ಸೀಟಿ ಉಂಟು. ಡಾಕ್ಟರಿಗೆ ತೋರಿಸಿ. ಬಾಯಿಗೆ ಹಿಡಿದು ಎಳ್ಕೊಳ್ಳುವ ಪಂಪು ಇದ್ರೆ ನಂಗೊಂದು ಕೊಡಿ, ನನ್ನ ಕಿಸೆಯಲ್ಲಿ ಇಟ್ಕೊಳ್ತೇನೆ."

"ಹೆಣ್ಣು ಹುಡುಗಿ ಬಗ್ಗೆ ಹಿಂಗ ನಾಲ್ಕು ಮಂದಿ ಮುಂದ ಮಾತಾಡಬ್ಯಾಡ್ರಿ! ನಾಳೆ ಯಾರ ಮನಿಗೆ ಕೊಡೂದು ಆಕೀನ?"

ಶಿವನೇ! ಹುಡುಗಿಗೆ ಹಾಲುಹಲ್ಲು ಇನ್ನೂ ಪೂರ್ತಿ ಬಿದ್ದಿರಲಿಲ್ಲ, ಇವಳಿಗೆ ಬೀಗರ ಚಿಂತೆ. ಮನೆಗೆ ಹೋಗುವಾಗ ನಾನು ಸುಮ್ಮನಿರಲಿಲ್ಲ. "ರಾಜೇಶ್ವರಿ, ಮುಚ್ಚಿಟ್ಟರ ರೋಗ ಹೋಗ್ತೈತೇನ? ಖರೇ ಇದ್ರ ಆ ಮನುಷ್ಯಾಗ ಹೇಳಿಬಿಡು" ಎಂದೆ. "ಇಲ್ಲ ಅಂದ ಮ್ಯಾಲೆ ಇಲ್ಲರೀ ಅಕ್ಕಾ" ಎಂದು ಕಿಟಕಿಯ ಕಡೆ ತಿರುಗಿಕೊಂಡಳು. ಒಂದು ವಾರ ನನ್ನೊಡನೆ ಮಾತು ಬಿಟ್ಟಳು. ಹಿಂದಿನ ಸೀಟಿನಲ್ಲಿದ್ದ ನಿಕಿತಾ ಏನೂ ಕೇಳಿಸದವಳಂತೆ ಫೋನ್ ನೋಡುತ್ತಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ.

ಮೆಲ್ರಾಯ್ ಅಲ್ಲಿಗೇ ಬಿಡಲಿಲ್ಲ. ಅವಳ ಮಾಸ್ಕಿನ ಬಿಲ್ಲೆಯ ಹಿಂದಿನ ಕವಾಟವನ್ನೇ ಕಿತ್ತು ತೆಗೆದರು. ಹೊರಗಿನಿಂದ ನೋಡಿದರೆ ಎಲ್ಲರದ್ದರ ಹಾಗೇ ಇತ್ತು, ಒಳಗೆ ಏನೂ ಇಲ್ಲ, ಬರೀ ಬಟ್ಟೆ. ಹೆಚ್ಚು ಓಡುವ ಆಟದಲ್ಲಿ ಅವಳನ್ನು ಗೋಲಿಗೆ ನಿಲ್ಲಿಸುತ್ತಿದ್ದರು. ಅವಳು ಮೈದಾನದ ಯಾವ ಮೂಲೆಯಲ್ಲಿದ್ದರೂ ಅವರ ತಲೆ ಆ ಕಡೆಗೇ ವಾಲಿರುತ್ತಿತ್ತು. ಈ ಹುಡುಗಿಗೆ ಏನಾದರೂ ಆಗಿಬಿಟ್ಟರೆ ಎಂಬ ಭಯ ಅವರಿಂದ ನನಗೂ ಅಂಟಿತು. ಕಾರಿನಲ್ಲಿ ರೇಡಿಯೋ ಹಾಕುವುದನ್ನು ಬಿಟ್ಟೆ, ಹಿಂದಿನ ಸೀಟಿನ ಉಸಿರು ಕೇಳಲೆಂದು.

ಬೇಸಿಗೆ ಬಂತು. 2018ರ ಆಗಸ್ಟಿನಲ್ಲಿ ಕಾಡಿಗೆ ಬೆಂಕಿ ಬಿದ್ದು, ಆ ಹೊಗೆಯೆಲ್ಲ ನಮ್ಮ ಮೇಲೆ ಬಂದು ಕೂತಿದ್ದು ಇಲ್ಲಿದ್ದವರಿಗೆಲ್ಲ ನೆನಪಿದೆ. ಮಧ್ಯಾಹ್ನಕ್ಕೇ ದೀಪ ಹಾಕಬೇಕಿತ್ತು. ಸೂರ್ಯ ಕುಂಕುಮದ ಬೊಟ್ಟಿನಂತೆ ಕೆಂಪಗೆ ನೇತಾಡುತ್ತಿದ್ದ. ಬರಿಗಣ್ಣಿನಲ್ಲಿ ದಿಟ್ಟಿಸಿದರೂ ಏನೂ ಆಗುತ್ತಿರಲಿಲ್ಲ. ಹಕ್ಕಿಗಳ ಸದ್ದಿಲ್ಲ. ಅಂಗಡಿಗಳಲ್ಲಿ ಹೊಗೆ ಸೋಸುವ ಬಿಳಿ ಮಾಸ್ಕುಗಳೆಲ್ಲ ಖಾಲಿ. ಆಗ ನಮ್ಮವರಿಗೆ ಹೊಳೆದಿದ್ದೇ ಈ ಕಪ್ಪು ಮಾಸ್ಕು. ಮೂರ್ನಾಲ್ಕು ಮನೆಯವರು ಆಟದ ಸಾಮಾನಿನ ಅಂಗಡಿಯಿಂದ ಅದನ್ನೇ ಕೊಂಡು ತಂದರು. ರಾಜೇಶ್ವರಿಯೂ ತಂದಳು.

ಪ್ರಾಕ್ಟೀಸ್ ಇರಲಿಲ್ಲ. ಆದರೆ ಹೊಸ ಸೀಸನ್ನಿನ ಜೆರ್ಸಿ ಹಂಚುವುದಿತ್ತು. ಕಾರಿನಿಂದ ಇಳಿಯದೆಯೇ ತೆಗೆದುಕೊಂಡು ಹೋಗಿ ಎಂದು ಮೆಲ್ರಾಯ್ ಮೆಸೇಜ್ ಕಳಿಸಿದ್ದರು. ನಮ್ಮ ಜನ ನಾಲ್ಕು ಕಾರು ಸೇರಿದಲ್ಲಿ ಇಳಿಯದೆ ಇರುತ್ತಾರೆಯೇ? ಇಳಿದರು, ಮಾತಿಗೆ ನಿಂತರು. ವಾರವೆಲ್ಲ ಮನೆಯೊಳಗೆ ಕೊಳೆತಿದ್ದ ಮಕ್ಕಳು ಚೆಂಡು ಕಂಡೊಡನೆ ಮೈದಾನಕ್ಕೆ ನುಗ್ಗಿದವು. ಸ್ವಂತ ಮಾಸ್ಕ್ ಇಲ್ಲದವರು ಜೆರ್ಸಿಗಾಗಿ ತೆರೆದಿಟ್ಟಿದ್ದ ಮೆಲ್ರಾಯ್ ಕಾರಿನ ಡಿಕ್ಕಿಯಿಂದ ಅವರ ಮಾಸ್ಕುಗಳನ್ನು ಎಳೆದುಕೊಂಡು ಓಡಿದರು. ನನ್ನ ಮಗನೂ ಓಡಿದ. ಕ್ಷಣದಲ್ಲಿ ಎಲ್ಲರೂ ಹೊಗೆಯೊಳಗೆ ಬರೀ ನೆರಳಾಗಿಬಿಟ್ಟರು.

ಮೆಲ್ರಾಯ್ ಜೆರ್ಸಿಗಳನ್ನು ಕೆಳಗೆ ಹಾಕಿ, "ವಾಪಸ್ ಕರೀರಿ! ಎಲ್ಲರನ್ನೂ ವಾಪಸ್ ಕರೀರಿ!" ಎಂದು ಕೂಗಿದರು.

ವಿಜಯಕುಮಾರ ಅವರ ತೋಳು ಹಿಡಿದ. "ಅಯ್ಯ, ಯಾಕ ಗಾಬರಿ ಆಗ್ತೀರಿ ಸರ್? ಮಾಸ್ಕ್ ಐತಲ್ಲ. ಗಾಳಿ ಬರಾಕ ಇಷ್ಟು ತ್ರಾಸ ಅಂದ ಮ್ಯಾಲೆ ಹೊಗಿ ಹ್ಯಾಂಗ ಬರ್ತೈತಿ? ಲಾಜಿಕ್ ನೋಡ್ರಿ."

"ಇದು ಸೋಸುವುದಿಲ್ಲ ಮಾರಾಯ್ರೆ! ತೂತು ಸಣ್ಣ ಮಾಡ್ತದೆ, ಅಷ್ಟೇ. ಹೊಗೆ ಅಷ್ಟೂ ಒಳಗೆ ಹೋಗ್ತದೆ, ಗಾಳಿ ಮಾತ್ರ ಸಾಕಾಗುವುದಿಲ್ಲ."

"ನಾ ಅಂತೂ ಪೂರಾ ಬಿಗಿ ಮಾಡಿ ಹಾಕೀನ್ರಿ," ಎಂದಳು ರಾಜೇಶ್ವರಿ, ಸಮಾಧಾನ ಹೇಳುವ ದನಿಯಲ್ಲಿ. "ಕಡೀ ನಂಬರ್ ತನಕಾ ತಿರುವೀನಿ. ಒಂದು ಚೂರೂ ಹೊಗಿ ಒಳಗ ಹೋಗೂದಿಲ್ಲ."

ಮೆಲ್ರಾಯ್ ಅವಳ ಮುಖವನ್ನೇ ನೋಡಿದರು. ಆಮೇಲೆ ಕೈ ಎತ್ತಿದರು. "ಶ್! ಯಾರೂ ಮಾತಾಡ್ಬೇಡಿ" ಎಂದು ಕಣ್ಣು ಮುಚ್ಚಿದರು.

ಆ ಪಾರ್ಕಿಂಗ್ ಲಾಟಿನಲ್ಲಿ ಅಷ್ಟೂ ಜನ ಗಪ್ಪಾದೆವು. ಹೊಗೆಯ ಆಚೆಯಿಂದ ಆ ಬುಸುಗುಟ್ಟುವ ಸದ್ದು ಬರುತ್ತಿತ್ತು, ಹತ್ತಿರದಿಂದ ಒಂದು, ದೂರದಿಂದ ಎರಡು, ಹಾಗೆ. ಮೆಲ್ರಾಯ್ ತುಟಿಯೊಳಗೇ ಹೆಸರು ಹೇಳಿಕೊಳ್ಳುತ್ತಿದ್ದರು. ಈಥನ್. ಮಾಯಾ. ಪ್ರಭು. ಅವರ ಬೆರಳು ಗಾಳಿಯಲ್ಲಿ ತಿರುಗುತ್ತ ಹೋಗಿ ಒಂದು ಕಡೆ ನಿಂತಿತು.

"ಒಂದು ಕಡಿಮೆ ಉಂಟು" ಎಂದರು.

ವಿಜಯಕುಮಾರ ಹೊಗೆಯೊಳಗೆ ಕಣ್ಣು ಕಿರಿದು ಮಾಡಿ ತಲೆಗಳನ್ನು ಎಣಿಸಿದ. "ಎಲ್ಲಾರೂ ಅದಾರಲ್ರಿ. ನೋಡ್ರಿ, ನಿಂತಾರ." ನಾನೂ ನೋಡಿದೆ. ನೆರಳುಗಳು ಅಷ್ಟೂ ಇದ್ದವು. ಒಂದೂ ಬಿದ್ದಿರಲಿಲ್ಲ. ಎಲ್ಲರೂ ನಿಂತಿದ್ದರು, ಅವರಲ್ಲಿ ಒಬ್ಬರು ಉಸಿರಾಡುತ್ತಿರಲಿಲ್ಲ.

ಮೆಲ್ರಾಯ್ ಕಣ್ಣು ತೆರೆಯುವ ಮೊದಲೇ ಓಡತೊಡಗಿದ್ದರು. ನಾವು ಬೆನ್ನಟ್ಟಿದೆವು. ಆಚೆ ಗೋಲಿನ ಕಂಬವನ್ನು ಎರಡೂ ಕೈಯಿಂದ ಹಿಡಿದುಕೊಂಡು, ಹೆಗಲು ಕಿವಿಯವರೆಗೆ ಏರಿಸಿ, ನಿಕಿತಾ ನಿಂತಿದ್ದಳು. ಅಲುಗಾಟವಿಲ್ಲ, ಸದ್ದಿಲ್ಲ. ಕಣ್ಣು ಮಾತ್ರ ಅಗಲವಾಗಿ ತೆರೆದಿದ್ದವು, ನಮ್ಮನ್ನು ನೋಡುತ್ತಿದ್ದವು. ಮೆಲ್ರಾಯ್ ಮಾಸ್ಕನ್ನು ಕಿತ್ತೆಸೆದರು. ತುಟಿ ನೇರಳೆ ಹಣ್ಣು ತಿಂದಂತಾಗಿತ್ತು.

"ಪಂಪು ಎಲ್ಲಿ?" ಎಂದು ಅರಚಿದರು. ಪಂಪು ಇದೆಯೇ ಎಂದು ಕೇಳಲಿಲ್ಲ.

ರಾಜೇಶ್ವರಿ ಪರ್ಸಿನ ಬಾಯಿ ತೆರೆದು ಹುಲ್ಲಿನ ಮೇಲೆ ಬೋರಲು ಹಾಕಿದಳು. ಕುಂಕುಮದ ಭರಣಿ, ಬಾಚಣಿಗೆ, ಕಾರಿನ ಕೀ. ಅವುಗಳ ನಡುವೆ ನೀಲಿ ಪಂಪು! ಇತ್ತು! ಅಷ್ಟು ದಿನವೂ ಅಲ್ಲೇ ಇತ್ತು! ಆ ಗಳಿಗೆಯಲ್ಲಿ ಅವಳ ಕೆನ್ನೆಗೆ ಬಾರಿಸಬೇಕು ಎನಿಸಿದ್ದು ನಿಜ. ಆದರೆ ಅವಳು ಮಗಳ ಬಾಯಿಗೆ ಪಂಪು ಹಿಡಿದು, "ಎಳಕೋ ಯವ್ವಾ, ಎಳಕೋ ನನ್ನವ್ವಾ" ಎಂದು ಹಲುಬುತ್ತಿದ್ದ ರೀತಿ ನೋಡಿ ಎತ್ತಿದ ಕೈ ಇಳಿಯಿತು. ಯಾರೋ ಆ್ಯಂಬುಲೆನ್ಸಿಗೆ ಕಾಲ್ ಮಾಡಿದರು. ಮೆಲ್ರಾಯ್ ಹುಡುಗಿಯ ಬೆನ್ನಿಗೆ ಕಿವಿ ಹಚ್ಚಿ ಕೂತಿದ್ದರು. ಬಹಳ ಹೊತ್ತಾದ ಮೇಲೆ, ನನಗೆ ಹಾಗೆನಿಸಿತು, ಹುಡುಗಿಯ ಎದೆಯೊಳಗಿಂದ ಸಣ್ಣ ಸೀಟಿ ಹೊರಟಿತು. ಅಷ್ಟು ಚೆಂದದ ಸದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಮರುದಿನ ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಆಸ್ಪತ್ರೆಗೆ ಹೋದೆ. ನಿಕಿತಾಳ ಕೋಣೆಯ ಹೊರಗೆ, ಪಡಸಾಲೆಯ ಕುರ್ಚಿಯಲ್ಲಿ ಮೆಲ್ರಾಯ್ ಕೂತಿದ್ದರು. ಕಿಟಕಿಯಾಚೆ ಅದೇ ಕೆಂಪು ಸೂರ್ಯ. ಮುಂದೆ ಚಪಾತಿ ಇಟ್ಟರೂ ಮುಟ್ಟಲಿಲ್ಲ.

"ಮಾಸ್ಕಿನಿಂದ ಸ್ಟ್ಯಾಮಿನಾ ಗಿಮಿನಾ ಬರ್ತದೆ ಅಂತ ನಂಗೇ ನಂಬಿಕೆ ಇರ್ಲಿಲ್ಲ ವಸಂತಕ್ಕ," ಎಂದರು. "ಮಕ್ಕಳು ಉಸಿರಾಡುವುದು ಕೇಳ್ಬೇಕಿತ್ತು ನಂಗೆ. ಬರಿಮುಖದಲ್ಲಿ ಕೇಳುವುದಿಲ್ಲ. ಮಾಸ್ಕ್ ಹಾಕಿದ್ರೆ ಎಲ್ಲರದ್ದೂ ಕೇಳ್ತದೆ. ಅದಕ್ಕೇ ತಂದದ್ದು."

ನಾನು ಚಪಾತಿಯನ್ನು ಪಕ್ಕಕ್ಕೆ ಸರಿಸಿದೆ. ಅವರೇ ಮುಂದುವರಿಸಿದರು.

"ಜೋಯ್ಸ್ ನನ್ನ ತಂಗಿ. ಆರು ವರ್ಷ. ಅವಳಿಗೆ ದಮ್ಮು. ಅವಳು ಉಸಿರಾಡಿದ್ರೆ ಮನೆಗೆಲ್ಲ ಕೇಳ್ತಿತ್ತು. ಒಂದು ಮಧ್ಯಾಹ್ನ ಒಳಗೆ ಚಾಪೆಯಲ್ಲಿ ಮಲಗಿದ್ದಳು, ಸೀಟಿ ನಿಂತಿತು. ಅಮ್ಮ ಇಣುಕಿ ನೋಡಿ, ಶ್, ಸದ್ದು ಮಾಡ್ಬೇಡಿ, ಈಗ ನಿದ್ದೆ ಬಂತು ಅಂದ್ರು. ನಾವೆಲ್ಲ ಎಷ್ಟು ಜಾಗ್ರತೆ ಮಾಡಿದೆವು ಗೊತ್ತುಂಟಾ? ಅಪ್ಪ ಚಪ್ಪಲಿ ಹೊರಗೇ ಬಿಟ್ಟು ತುದಿಗಾಲಲ್ಲಿ ಒಳಗೆ ಬಂದ್ರು. ನಾನು ರೇಡಿಯೋ ಆಫ್ ಮಾಡಿದೆ. ಬಾವಿಯ ರಾಟೆ ಕಿರುಗುಟ್ಟಬಾರದು ಅಂತ ಅಮ್ಮ ನೀರನ್ನೇ ಸೇದಲಿಲ್ಲ. ಸಂಜೆ ತೇರ್ಸ್ ಪ್ರಾರ್ಥನೆಗೆ ಎಬ್ಬಿಸುವ ಅಂತ ನಾನೇ ಹೋದೆ." ಅವರು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. "ಅಷ್ಟು ಹೊತ್ತು ನಾವು ತುದಿಗಾಲಲ್ಲಿ ಓಡಾಡಿದ್ದು ಯಾರಿಗೆ ಎಚ್ಚರ ಆಗ್ಬಾರ್ದು ಅಂತ, ಹೇಳಿ?"

ಅವರ ಬೆನ್ನಿನ ಮೇಲೆ ಕೈಯಿಟ್ಟೆ, ತಮ್ಮನ ಬೆನ್ನಿನ ಮೇಲೆ ಇಡುವ ಹಾಗೆ.

ಆಗ ಕೋಣೆಯ ಬಾಗಿಲು ಸದ್ದಾಗದಂತೆ ತೆರೆಯಿತು. ರಾಜೇಶ್ವರಿ ಹೊರಗೆ ಬಂದಳು. ಅತ್ತು ಅತ್ತು ಮುಖ ಊದಿತ್ತು, ಆದರೆ ಈಗ ಅದರಲ್ಲಿ ಒಂದು ನೆಮ್ಮದಿಯಿತ್ತು. ತುಟಿ ಮೇಲೆ ಬೆರಳಿಟ್ಟು, ತುದಿಗಾಲಲ್ಲಿ ನಮ್ಮ ಹತ್ತಿರ ಬಂದು ಪಿಸುಗುಟ್ಟಿದಳು.

"ಸಪ್ಪಳ ಮಾಡಬ್ಯಾಡ್ರಿ. ಸೀಟಿ ಸಪ್ಪಳ ನಿಂತೇತಿ. ಈಗ ನಿದ್ದಿ ಹತ್ತೇತಿ."

ಮೆಲ್ರಾಯ್ ಎದ್ದರು. ಕುರ್ಚಿ ಹಿಂದಕ್ಕೆ ದಢಾರನೆ ಬಿತ್ತು. ಅವಳನ್ನು ಪಕ್ಕಕ್ಕೆ ಸರಿಸಿ, ಬೂಟುಗಾಲನ್ನು ನೆಲಕ್ಕೆ ಅಪ್ಪಳಿಸುತ್ತ ಒಳಗೆ ನಡೆದರು. ಬಾಗಿಲು ಗೋಡೆಗೆ ಬಡಿಯಿತು. ಒಳಗೆ ಯಂತ್ರದ ಹಸಿರು ಗೆರೆ ಓಡುತ್ತಲೇ ಇತ್ತು, ಎಲ್ಲ ಸರಿಯಿದೆ ಎಂದು ಅಂಕಿಗಳು ತೋರಿಸುತ್ತಿದ್ದವು. ಅವರು ಅದನ್ನು ನೋಡಲಿಲ್ಲ. ಬಿಳಿ ಹೊದಿಕೆಯ ಕೆಳಗೆ ಹುಡುಗಿ ಸದ್ದಿಲ್ಲದೆ ಮಲಗಿದ್ದಳು.

"ನಿಕಿತಾ!" ಎಂದು ಕೂಗಿದರು. ಇಡೀ ವಾರ್ಡಿಗೆ ಕೇಳಿಸಿತು. ಆ ಕಡೆಯಿಂದ ನರ್ಸ್ ಓಡಿಬಂದಳು.

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಹೊದಿಕೆ ಸರಿಯಿತು, ಹುಡುಗಿ ಕಣ್ಣುಜ್ಜಿಕೊಂಡು ಮುಖ ಗಂಟು ಹಾಕಿದಳು.

"ವಾಟ್, ಕೋಚ್? ಐ ವಾಸ್ ಸ್ಲೀಪಿಂಗ್."

ಮೆಲ್ರಾಯ್ ಮಂಚದ ಕಂಬಿ ಹಿಡಿದುಕೊಂಡು ಹಾಗೇ ನೆಲಕ್ಕೆ ಕುಸಿದು ಕೂತರು. ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. "ಸರಿ, ಸರಿ, ಮಲಗು ಮಗಾ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲರೂ ಬಂದಾಯ್ತು ವಸಂತಕ್ಕ" ಎಂದರು. ರಾಜೇಶ್ವರಿ ಬೈಯಲು ಬಾಯಿ ತೆರೆದವಳು ಅವರನ್ನು ನೋಡಿ ಮಗಳ ಹೊದಿಕೆ ಸರಿಮಾಡಿದಳು.

ಮನೆಗೆ ಬಂದೆ. ಹೊಗೆಯೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದೆವು. ಪ್ರಭು ಸೋಫಾದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಫ್ಯಾನ್ ಗುಂಯ್‌ಗುಡುತ್ತಿತ್ತು. ಅದನ್ನು ಆರಿಸಿ ನಿಂತು ಕೇಳಿದೆ. ಏನೂ ಕೇಳಿಸಲಿಲ್ಲ. ಕಾಲು ತಾನಾಗಿಯೇ ತುದಿಗಾಲಾಗಿತ್ತು, ಮಗು ಮಲಗಿದೆ, ಎಬ್ಬಿಸಬಾರದು ಎಂದು. ಅದು ಗೊತ್ತಾದ ಕೂಡಲೇ ನನ್ನ ಚಪ್ಪಲಿಯನ್ನು ಗೋಡೆಗೆ ಎಸೆದು, ಗದಗಿನ ಓಣಿಗೆಲ್ಲ ಕೇಳುವ ಹಾಗೆ "ಪ್ರಭೂ!" ಎಂದು ಕೂಗಿದೆ.

"ಏನಮ್ಮಾ!" ಎಂದು ಅವನು ಕನ್ನಡದಲ್ಲೇ ಕಿರುಚಿಕೊಂಡು ಎದ್ದು ಕೂತ.